ತಿನ್ನುವ ಅಂಟೇ, ಅಂಟಿಸುವ ಅಂಟೇ?

ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅತ್ತಿಗೆ, ಉಂಡೆಗೆ ಬೇಕಾದ ಸಾಮಾನಿನ ಚೀಟಿಯಲ್ಲಿ ಒಣಕೊಬ್ಬರಿ, ಉತ್ತತ್ತಿ, ಗಸಗಸೆಗಳ ಕೆಳಗೆ 'ಅಂಟು, ಕಾಲು ಕಿಲೋ' ಎಂದು ಬರೆದುಕೊಟ್ಟಿದ್ದರು. ದಾದರಿನ ಕಿರಾಣಿ ಅಂಗಡಿಯಲ್ಲಿ ನಾನು ಅದನ್ನು ಮರಾಠಿಗೆ ತಿರುಗಿಸಿ 'ಡಿಂಕ' ಎಂದು ಕೇಳಿದೆ. ಅಂಗಡಿಯಾತ ತಲೆಯೆತ್ತದೆ, "ಖಾಯ್‌ಚಾ ಕೀ ಚಿಕಟ್‌ವಾಯ್‌ಚಾ?" ಎಂದ, ತಿನ್ನುವುದಕ್ಕೋ, ಅಂಟಿಸುವುದಕ್ಕೋ ಎಂದು. ಅವನ ಹಿಂದಿನ ಹಲಗೆಯ ಮೇಲೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ತುಪ್ಪಕ್ಕೆ ಬಿದ್ದೊಡನೆ ಅರಳಿನಂತೆ ಉಬ್ಬುವ ತಿಳಿಹಳದಿ ಮಣಿಗಳು, ಇನ್ನೊಂದರಲ್ಲಿ ತೊಗಟೆಯ ಚೂರು ಹತ್ತಿಕೊಂಡಿದ್ದ ಕಂದು ತುಣುಕುಗಳು. ಎರಡೂ ಮರ ಸೋರಿದ್ದೇ, ಎರಡರ ಹೆಸರೂ ಡಿಂಕ. ಕನ್ನಡದಲ್ಲಿ ಕೇಳಿದ್ದರೂ ಇದೇ ಮರುಪ್ರಶ್ನೆ ಬರುತ್ತಿತ್ತು.

ಅಕ್ಕಿ, ಬೆಲ್ಲ, ಸೀಮೆಎಣ್ಣೆಗಳನ್ನು ಕೇಳಿದರೆ ಯಾವ ಅಂಗಡಿಯಾತನೂ ಹೀಗೆ ತಿರುಗಿ ಕೇಳುವುದಿಲ್ಲ, ಏಕೆಂದರೆ ಆ ಹೆಸರುಗಳು ಒಂದೊಂದು ವಸ್ತುವಿಗೆ ಕಟ್ಟುಬಿದ್ದಿವೆ. ಉಪ್ಪನ್ನು ಸಾರಿಗೆ ಹಾಕಿದರೂ ಉಪ್ಪು, ಗಾಯಕ್ಕೆ ಸವರಿದರೂ ಉಪ್ಪು. ಚಾಕು, ಸುತ್ತಿಗೆ, ಸೌಟುಗಳ ಹೆಸರು ಕೆಲಸದಿಂದ ಬಂದದ್ದು ನಿಜವಾದರೂ ಅವುಗಳಿಗೆ ಒಂದು ಆಕಾರವಿದೆ, ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಸುತ್ತಿಗೆಯೂ ಸುತ್ತಿಗೆಯೇ. ಅಂಟಿಗೆ ಇಂತಹ ಆಸರೆಯಿಲ್ಲ. ಮೈದಾ ಹಿಟ್ಟು ಡಬ್ಬಿಯಲ್ಲಿರುವಾಗ ಅಂಟಲ್ಲ, ಬಿಸಿನೀರಿನಲ್ಲಿ ಕದಡಿ ಗೋಡೆಯ ಪೋಸ್ಟರಿನ ಬೆನ್ನಿಗೆ ಬಳಿದಾಗ ಅಂಟು. ಎಮ್ಮೆಯ ಚರ್ಮ ಅಂಟಲ್ಲ, ಗಂಟೆಗಟ್ಟಲೆ ಕುದಿಸಿ ಬಸಿದ ಅದರ ರಸ ಅಂಟು. ಇನ್ನೂ ವಿಚಿತ್ರವೆಂದರೆ, ಬಾಟಲಿಯೊಳಗೇ ಕಲ್ಲಾದ ಅಂಟನ್ನು ನಾವು ಅಂಟೆನ್ನದೆ ಎಸೆಯುತ್ತೇವೆ. ಕೆಲಸ ಮುಗಿಸಿ ಎರಡು ಹಲಗೆಗಳ ನಡುವೆ ಗಟ್ಟಿಯಾದ ಅಂಟನ್ನು ಮುಟ್ಟಿದರೆ ಬೆರಳಿಗೆ ಏನೂ ಹತ್ತುವುದಿಲ್ಲ. ಕಟ್ಟಡದ ಗಾರೆ ಕಲಸಿದಾಗಲೂ ಗಾರೆ, ಗೋಡೆಯಾದ ಮೇಲೂ ಗಾರೆ. ಅಂಟು ಮಾತ್ರ ಕೆಲಸಕ್ಕೆ ಮೊದಲಿನ ಒಂದು ಸ್ಥಿತಿಯಲ್ಲಷ್ಟೇ ಪೂರ್ತಿ ಅಂಟು. ಹಾಗಾಗಿ ಅದನ್ನು ವಸ್ತುವಿನ ಹೆಸರು ಎನ್ನುವುದಕ್ಕಿಂತ, ಬೇರೆ ಎರಡು ವಸ್ತುಗಳ ನಡುವೆ ನಡೆಯಬೇಕಾದ ಒಂದು ಸಂಗತಿಯ ಹೆಸರು ಎನ್ನುವುದೇ ಸರಿ.

ಅಮೆರಿಕದ ತತ್ತ್ವಜ್ಞಾನಿ ಹಿಲರಿ ಪಟ್ನಮ್ 1970ರ ದಶಕದಲ್ಲಿ ನೀರಿನ ಬಗ್ಗೆ ಒಂದು ಪ್ರಸಿದ್ಧ ವಾದ ಹೂಡಿದ್ದರು: ನೋಡಲು, ಕುಡಿಯಲು ನೀರಿನಂತೆಯೇ ಇದ್ದರೂ ಒಳಗಿನ ರಚನೆ ಬೇರೆಯಾಗಿದ್ದರೆ ಅದು ನೀರಲ್ಲ. ಈ ವಾದವನ್ನು ಅಂಟಿನ ಮೇಲೆ ಪ್ರಯೋಗಿಸಿದರೆ ಅದು ಒಂದು ಕ್ಷಣವೂ ನಿಲ್ಲದು. ಒಳಗಿನ ರಚನೆ ಏನೇ ಇರಲಿ, ಹಿಡಿದುಕೊಂಡರೆ ಅಂಟು, ಬಿಟ್ಟರೆ ಅಲ್ಲ. ಈ ಧಾರಾಳತನದಿಂದಲೇ ಈ ಪದ ಎಲ್ಲ ಕಾಲದಲ್ಲೂ ಉಪಯೋಗಕ್ಕೆ ಬಂದಿದೆ. ಅಂಟುಗಳ ರಸಾಯನವೇ ಬದಲಾಗಿರುವ ಇಂದು ತೊಂದರೆ ಕೊಡುತ್ತಿರುವುದೂ ಇದೇ ಧಾರಾಳತನ.

ಹಿಂದೆ ಒಂದೊಂದು ಕಸುಬೂ ತನ್ನ ಅಂಟಿಗೆ ತನ್ನದೇ ಹೆಸರಿಟ್ಟುಕೊಂಡು ಈ ತೊಂದರೆಯನ್ನು ನಿವಾರಿಸಿಕೊಂಡಿತ್ತು. ಕಾಗದದವರಿಗೆ ಗೋಂದು, ಬಡಗಿಗೆ ಮರವಜ್ರ ಅಥವಾ ಸರೇಸು, ಮೊಹರಿಗೆ ಮತ್ತು ಬಳೆಗೆ ಅರಗು, ಹಡಗಿನ ಸಂದಿಗೆ ರಾಳ. 'ಸರೇಸು' ಫಾರಸಿಯಿಂದ ಬಂದದ್ದು. ಮರಾಠಿಯಲ್ಲಿ ಅದು 'ಸರಸ' ಆಗಿದೆ. ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಮರಾಠಿ ಬಡಗಿ 'ಸರಸ ಲಾವ್' (ಸರೇಸು ಹಚ್ಚು) ಎಂದರೆ ಆಗುವ ಗಲಿಬಿಲಿಯನ್ನು ವಿವರಿಸಬೇಕಾಗಿಲ್ಲ. ಮರವಜ್ರದ 'ವಜ್ರ'ಕ್ಕೂ ಹಿನ್ನೆಲೆಯಿದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ದೇವಾಲಯ, ವಿಗ್ರಹಗಳಿಗೆ ಬಳಸುವ ವಜ್ರಲೇಪಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಬೇಲ, ಬಿಲ್ವ, ಗುಗ್ಗುಳ ಮೊದಲಾದವುಗಳ ಪಾಕವನ್ನೂ, ಕೊಂಬು ಚರ್ಮಗಳಿಂದ ತಯಾರಾಗುವ ಇನ್ನೊಂದು ಪಾಕವನ್ನೂ, ಲೋಹಗಳನ್ನು ಕರಗಿಸಿ ಮಾಡುವ ಮತ್ತೊಂದನ್ನೂ ಹೇಳುತ್ತಾನೆ. ಮೂರರ ಹೆಸರಿನಲ್ಲೂ ವಜ್ರವಿದೆ, ಆದರೆ ಮೂರಕ್ಕೂ ಬೇರೆ ಬೇರೆ ಹೆಸರಿದೆ. ಸಾಮಗ್ರಿ ಬದಲಾದರೆ ಹೆಸರೂ ಬದಲಾಗಬೇಕೆಂಬ ಎಚ್ಚರ ಅಲ್ಲಿ ಕಾಣುತ್ತದೆ.

ಗೋಂದು ಮತ್ತು ರಾಳಗಳ ನಡುವಿನ ಗೆರೆಯನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡೂ ಮರದ ಗಾಯದಿಂದ ಒಸರುವಂಥವು, ಎರಡನ್ನೂ ಇಂದು 'ಮರದ ಅಂಟು' ಎಂದುಬಿಡುತ್ತೇವೆ. ಆದರೆ ಜಾಲಿಯ ಗೋಂದನ್ನು ನೀರಿನಲ್ಲಿ ನೆನೆಹಾಕಿದರೆ ಅದು ಕರಗಿ ಲೋಳೆಯಾಗುತ್ತದೆ. ರಾಳ ನೀರಿಗೆ ಜಗ್ಗುವುದಿಲ್ಲ, ಅದಕ್ಕೆ ಎಣ್ಣೆಯೋ ಸ್ಪಿರಿಟ್ಟೋ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯನ್ನು ಪರಿಷ್ಕರಿಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ನೈಸರ್ಗಿಕ ಸಾಮಗ್ರಿ ಇರಲಿ ಎಂದ ಮೇಲೆ, ಗಣೇಶೋತ್ಸವದ ಈ ನಗರದಲ್ಲಿ ಈ ಗೆರೆಗೆ ಹೊಸ ಮಹತ್ವ ಬಂದಿದೆ. ಅದೇ ಮಾರ್ಗಸೂಚಿ ಮೂರ್ತಿಯ ಹೊಳಪಿಗೆ ಮರದ ರಾಳ ಬಳಸಬಹುದೆನ್ನುತ್ತದೆ. ರದ್ದಿ ಕಾಗದದ ಮುದ್ದೆಗೆ ಸುಣ್ಣದ ಪುಡಿ ಮತ್ತು ಡಿಂಕ ಬೆರೆಸಿ ಮಾಡುವ ಹಗುರ ಮೂರ್ತಿಗಳೂ ಬರುತ್ತಿವೆ. ಡಿಂಕದ ಜಾಗಕ್ಕೆ ಮರಗೆಲಸದ ಬಿಳಿ ಅಂಟನ್ನು ಹಾಕಿದರೂ ಮೂರ್ತಿ ನಿಲ್ಲುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯದು. ವಿಸರ್ಜನೆಯ ತೊಟ್ಟಿಯಲ್ಲಿ ಮುಳುಗಿಸಿದಾಗ ಡಿಂಕ ಕರಗುತ್ತದೆ, ಒಣಗಿದ ಬಿಳಿ ಅಂಟು ಮೆತ್ತಗಾಗಿ ಉಳಿಯುತ್ತದೆ, ಏಕೆಂದರೆ ಅದು ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತು. 'ಕಾಗದ ಮತ್ತು ಅಂಟಿನಿಂದ ಮಾಡಿದ ಪರಿಸರಸ್ನೇಹಿ ಮೂರ್ತಿ' ಎಂಬ ವಾಕ್ಯ ಸುಳ್ಳಲ್ಲ. ಆದರೆ ಅದರಲ್ಲಿ ತಿಳಿಯಬೇಕಾದ ಒಂದೇ ಒಂದು ವಿಷಯವನ್ನು 'ಅಂಟು' ಎಂಬ ಪದ ಮುಚ್ಚಿಟ್ಟಿದೆ.

ಕಸುಬಿನ ಹೆಸರುಗಳು ಮರೆಯಾದಾಗ ಆ ಜಾಗಕ್ಕೆ ಬಂದದ್ದು ಕಂಪನಿಯ ಹೆಸರು. ಮುಂಬಯಿಯ ಪಿಡಿಲೈಟ್ ಸಂಸ್ಥೆಯ ಬಲವಂತ ಪಾರೇಖ್ 1959ರಲ್ಲಿ ಫೆವಿಕಾಲ್ ಅನ್ನು ಮಾರುಕಟ್ಟೆಗೆ ತಂದಾಗ ಬಡಗಿಗಳು ಸರೇಸನ್ನು ನೀರಿನ ಪಾತ್ರೆಯೊಳಗಿಟ್ಟು ಬಿಸಿಮಾಡಿ, ವಾಸನೆ ಸಹಿಸಿಕೊಂಡು, ತಣ್ಣಗಾಗುವ ಮೊದಲೇ ಬಳಿಯಬೇಕಾಗಿತ್ತು. ಕಾಯಿಸದೆ ಡಬ್ಬಿಯಿಂದ ನೇರವಾಗಿ ಹಚ್ಚಬಹುದಾದ ಬಿಳಿ ಅಂಟು ಅವರ ಒಲೆಯನ್ನೇ ಆರಿಸಿತು. ಎರಡು ಆನೆಗಳು ಎಳೆದರೂ ಬಿಡದ ಗೋಳದ ಆ ಚಿತ್ರವನ್ನು ಗುರುತಿಸದ ಕಾರ್ಖಾನೆಯಾಗಲಿ ಶಾಲೆಯಾಗಲಿ ಈ ನಗರದಲ್ಲಿ ಇರಲಾರದು. ಇಂದು ಕನ್ನಡದಲ್ಲಿ ಅಧಿಕಾರ ಬಿಡದ ರಾಜಕಾರಣಿಯನ್ನು 'ಕುರ್ಚಿಗೆ ಫೆವಿಕಾಲ್ ಹಾಕಿ ಕೂತಿದ್ದಾನೆ' ಎನ್ನುತ್ತೇವೆ, 'ಮರವಜ್ರ ಹಾಕಿ' ಎನ್ನುವುದಿಲ್ಲ. ಮರದ ಮೇಲೆ ಅಂಟಿಸುವ ಹಾಳೆ ಸನ್‌ಮೈಕಾ ಆದಂತೆ, ಪ್ರತಿ ಕಂಪನಿಯ ಬಿಳಿ ಅಂಟೂ ಬಾಯಿಮಾತಿನಲ್ಲಿ ಫೆವಿಕಾಲ್ ಆಗಿದೆ.

ಕಂಪನಿಗೆ ಇದು ಕೀರ್ತಿಯೂ ಹೌದು, ಕಳವಳವೂ ಹೌದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಒಂಬತ್ತನೆಯ ಸೆಕ್ಷನ್ ಪ್ರಕಾರ, ಜನರ ಆಡುಮಾತಿನಲ್ಲಿ ಅಥವಾ ವ್ಯಾಪಾರದ ರೂಢಿಯಲ್ಲಿ ಸಾಮಾನ್ಯವಾಗಿಬಿಟ್ಟ ಗುರುತುಗಳಿಂದಲೇ ಆದ ಹೆಸರನ್ನು ನೋಂದಾಯಿಸುವಂತಿಲ್ಲ. ಆಸ್ಪಿರಿನ್ ಎಂಬ ಹೆಸರು ಅಮೆರಿಕದಲ್ಲಿ 1921ರ ಹೊತ್ತಿಗೆ ಹೀಗೆಯೇ ಸಾರ್ವಜನಿಕರ ಪಾಲಾಯಿತು. ನಾಮಪದಕ್ಕೆ ಸ್ವಂತ ವಸ್ತುವಿಲ್ಲದ ಕಡೆ ಬ್ರಾಂಡು ಬಹಳ ಸುಲಭವಾಗಿ ನೆಲೆಯೂರುತ್ತದೆ ಎಂಬುದು ನನ್ನ ಅನಿಸಿಕೆ. ಉಪ್ಪಿನ ಬ್ರಾಂಡುಗಳು ಎಷ್ಟೇ ದೊಡ್ಡವಾದರೂ ಉಪ್ಪು ಉಪ್ಪಾಗಿಯೇ ಉಳಿದಿದೆ. ಅಂಟಿನ ಮನೆ ಮೊದಲಿನಿಂದಲೂ ಖಾಲಿಯಿತ್ತು.

ಆದರೆ ಇಲ್ಲಿ ಗ್ರಾಹಕನ ನಷ್ಟ ಕಂಪನಿಯ ನಷ್ಟಕ್ಕಿಂತ ದೊಡ್ಡದು. ಎರಡು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಮುಲುಂಡಿನ ನಮ್ಮ ಮನೆಯ ಅಡುಗೆಕೋಣೆಯ ಕಪಾಟಿಗೆ ಸನ್‌ಮೈಕಾ ಹಚ್ಚಿಸಿದೆವು. ಬಡಗಿ ಬಿಳಿ ಅಂಟನ್ನು ಹಲ್ಲಿನ ಪಟ್ಟಿಯಲ್ಲಿ ಸಮನಾಗಿ ಎಳೆದು, ಹಾಳೆ ಕೂರಿಸಿ, ಮೇಲೆ ನಮ್ಮ ಅಕ್ಕಿ ಡಬ್ಬಿಗಳನ್ನೇ ಭಾರ ಹೇರಿ, "ಅಂಕಲ್, ರಾತ್ರಿಯೊಳಗೆ ಒಣಗುತ್ತದೆ" ಎಂದು ಹೋದ. ಬೆಳಗ್ಗೆ ಡಬ್ಬಿ ತೆಗೆದರೆ ಎರಡು ಮೂಲೆಗಳು ಹಪ್ಪಳದಂತೆ ಎದ್ದುಕೊಂಡಿದ್ದವು, ಒಳಗಿನ ಅಂಟು ಇನ್ನೂ ಹಾಲಿನ ಬಣ್ಣದಲ್ಲಿತ್ತು. ಅವನು ತಪ್ಪು ಸರಿಪಡಿಸಲು ಅಂಗಿಯ ಜೇಬಿನಿಂದ ಸಣ್ಣ ಟ್ಯೂಬೊಂದನ್ನು ತೆಗೆದು, ಮೂಲೆಗೆ ನಾಲ್ಕು ತೊಟ್ಟು ಬಿಟ್ಟು ಒತ್ತಿ ಹಿಡಿದ. ಅದೇ ಮಳೆ, ಅದೇ ತೇವ, ಅದೇ ಹಲಗೆ. ಎಣಿಸಿ ಇಪ್ಪತ್ತು ಹೇಳುವಷ್ಟರಲ್ಲಿ ಮೂಲೆ ಕಚ್ಚಿಕೊಂಡಿತು. ಜೊತೆಗೆ ಅವನ ಹೆಬ್ಬೆರಳೂ ಒಂದಿಷ್ಟು.

ಇಲ್ಲಿ ಬಡಗಿಯ ಕೈ ತಪ್ಪಲಿಲ್ಲ, ಕ್ರಿಯಾಪದ ತಪ್ಪಿತು. ನಾವು ಎಲ್ಲ ಅಂಟಿಗೂ 'ಒಣಗುವುದು' ಎನ್ನುತ್ತೇವೆ. ಬಿಳಿ ಅಂಟು ನಿಜವಾಗಿಯೂ ಒಣಗುತ್ತದೆ: ನೀರಿನಲ್ಲಿ ತೇಲುತ್ತಿರುವ ಸೂಕ್ಷ್ಮ ಕಣಗಳು, ನೀರು ಮರದೊಳಕ್ಕೂ ಗಾಳಿಗೂ ಹೋದಂತೆ ಒಂದಕ್ಕೊಂದು ಹತ್ತಿಕೊಂಡು ಪದರವಾಗುತ್ತವೆ, ಆದ್ದರಿಂದ ಮುಂಬಯಿಯ ಮಳೆಗಾಲ ಅದಕ್ಕೆ ಶತ್ರು. ಟ್ಯೂಬಿನ ಅಂಟು ಸಯನೋಅಕ್ರಿಲೇಟ್, ಅದರಲ್ಲಿ ಒಣಗುವುದಕ್ಕೆ ನೀರೇ ಇಲ್ಲ. ಮೇಲ್ಮೈಯಲ್ಲಿರುವ ತೇವದ ತೆಳುಪದರವೇ ಅದರ ಅಣುಗಳನ್ನು ಸರಪಳಿಯಾಗಿ ಹೆಣೆದು ಗಟ್ಟಿಗೊಳಿಸುತ್ತದೆ, ಮಳೆಗಾಲ ಅದಕ್ಕೆ ಗೆಳೆಯ. ಕೊಳಾಯಿ ಸೋರಿಕೆಗೆ ಕಣಕದಂತೆ ನಾದಿ ಮೆತ್ತುವ ಎರಡು ಬಣ್ಣದ ಎಪಾಕ್ಸಿಯೂ ಒಣಗುವುದಿಲ್ಲ, ಎರಡು ಭಾಗಗಳು ಸೇರಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತವೆ. ಚಪ್ಪಲಿ ಹೊಲಿಯುವವನ ಹಳದಿ ರಬ್ಬರ್ ಸೊಲ್ಯೂಷನ್ ಇನ್ನೊಂದು ಕಥೆ. ಅದನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಒತ್ತಬೇಕು. ಅಂದರೆ ಅಲ್ಲಿ ಒಣಗಿದ ಬಳಿಕ ಅಂಟಿಸುವುದು, ಬಿಳಿ ಅಂಟಿನಲ್ಲಿ ಅಂಟಿಸಿದ ಬಳಿಕ ಒಣಗಿಸುವುದು. ಒಬ್ಬ ಕೆಲಸಗಾರನಿಗೆ 'ಅಂಟು ಹಾಕಿ ಒಣಗಲು ಬಿಡು' ಎಂಬ ಒಂದೇ ಸೂಚನೆ ಕೊಟ್ಟರೆ ಈ ನಾಲ್ಕರಲ್ಲಿ ಒಂದಕ್ಕಷ್ಟೇ ಅದು ಸರಿಹೊಂದುತ್ತದೆ.

ಸಯನೋಅಕ್ರಿಲೇಟಿನ ವಿಷಯದಲ್ಲಿ ಹೆಸರಿನ ಗೊಂದಲ ದೇಹಕ್ಕೂ ತಟ್ಟುತ್ತದೆ. ಹ್ಯಾರಿ ಕೂವರ್ ಎಂಬ ಅಮೆರಿಕನ್ ರಸಾಯನಶಾಸ್ತ್ರಜ್ಞ 1942ರಲ್ಲಿ, ಎಲ್ಲಕ್ಕೂ ಅಂಟುತ್ತದೆಂಬ ಕಾರಣಕ್ಕೇ ಇದನ್ನು ಬದಿಗಿಟ್ಟಿದ್ದರು. ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಇದರ ಟ್ಯೂಬನ್ನು ಕಣ್ಣಿನ ಔಷಧಿಯೆಂದು ತಪ್ಪಾಗಿ ತಿಳಿದು ಕಣ್ಣಿಗೆ ಬಿಟ್ಟುಕೊಂಡ ಪ್ರಕರಣಗಳು ಜಗತ್ತಿನ ಅನೇಕ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್ನೊಂದು ಅಪಾಯ ಕಡಿಮೆ ಜನರಿಗೆ ಗೊತ್ತು: ಚೆಲ್ಲಿದ ಗೋಂದನ್ನು ಹತ್ತಿಯಿಂದ ಒರೆಸಿದಂತೆ ಇದನ್ನು ಒರೆಸಿದರೆ, ಹತ್ತಿಯ ನೂಲಿನಲ್ಲಿ ಕ್ರಿಯೆ ಬಿರುಸಾಗಿ ನಡೆದು ಬೊಬ್ಬೆ ಏಳುವಷ್ಟು ಶಾಖ ಹುಟ್ಟಬಹುದು. ಶಾಲೆಯ ಚೀಲದಲ್ಲಿರುವ ಗಮ್ಮನ್ನೂ ಇದನ್ನೂ ಮನೆಯಲ್ಲಿ 'ಗಮ್' ಎಂದೇ ಕರೆಯುವಾಗ, ಮಗುವಿಗೆ ಒಂದನ್ನು ಕೊಟ್ಟು ಇನ್ನೊಂದನ್ನು ಮುಟ್ಟಬೇಡವೆಂದು ಹೇಳುವುದು ಹೇಗೆ?

ಕಾನೂನು ಇದಕ್ಕೆ ಉತ್ತರ ಕೊಡಲು ಹೊರಟಂತೆ ಕಾಣುತ್ತದೆ. 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪ್ರತಿ ಪೊಟ್ಟಣದ ಮೇಲೂ ಒಳಗಿರುವ ಸರಕಿನ ಸಾಮಾನ್ಯ ಹೆಸರನ್ನು ನಮೂದಿಸಬೇಕು, ಅದು ದೇವನಾಗರಿ ಲಿಪಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಜೊತೆಗೆ ಬೇರೆ ಭಾಷೆಯನ್ನೂ ಸೇರಿಸಲು ಅಡ್ಡಿಯಿಲ್ಲ. ಬಿಳಿ ಅಂಟಿನ ಡಬ್ಬಿಯ ಮೇಲೆ ಆ ಸಾಮಾನ್ಯ ಹೆಸರು ಏನೆಂದು ಹುಡುಕಿದರೆ 'ಸಿಂಥೆಟಿಕ್ ರೆಸಿನ್ ಅಡ್ಹೆಸಿವ್' ಎಂದು ಸಣ್ಣಕ್ಷರದಲ್ಲಿ ಸಿಗುತ್ತದೆ. ಇದಕ್ಕಿಂತ ಅಸಾಮಾನ್ಯವಾದ ಸಾಮಾನ್ಯ ಹೆಸರು ಇನ್ನೊಂದಿರಲಾರದು. ಕಾಗದದಲ್ಲಿರುವುದನ್ನು ಯಾರೂ ಆಡುವುದಿಲ್ಲ, ಆಡುವುದು ಒಂದು ಕಂಪನಿಯ ಸ್ವತ್ತು. ಅಂಗಡಿಯಲ್ಲಿ ಎಲ್ಲರಿಗೂ ಸೇರಿದ, ವಸ್ತುವನ್ನೂ ಸರಿಯಾಗಿ ತಿಳಿಸುವ ಹೆಸರು ಉಳಿದೇ ಇಲ್ಲ.

ಕನ್ನಡದ ಮಟ್ಟಿಗೆ ಈ ಖಾಲಿ ಜಾಗವನ್ನು ಈಗ ತುಂಬುತ್ತಿರುವುದು ಯಂತ್ರಾನುವಾದ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು 2020ರಲ್ಲಿ ಕನ್ನಡದ ಬಾಗಿಲು ತೆರೆದವು. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಅದೊಂದು ಸಂತೋಷ. ಮುಂಬಯಿಯ ಯಾವ ಅಂಗಡಿಯೂ ಕೊಡದ ಕನ್ನಡ ಫಲಕವನ್ನು ಫೋನು ಕೊಟ್ಟಿತು. ಆದರೆ ಇಂಗ್ಲಿಷಿನಲ್ಲಿ ಗ್ಲೂ, ಗಮ್, ಪೇಸ್ಟ್, ಅಡ್ಹೆಸಿವ್, ಸೀಲಂಟ್, ಸಿಮೆಂಟ್ ಎಂದು ಬೇರೆಬೇರೆಯಾಗಿರುವುದನ್ನು 'ಅಂಟು' ಇಲ್ಲವೇ 'ಅಂಟಿಕೊಳ್ಳುವ' ಎಂಬ ಒಂದೇ ಮೂಟೆಗೆ ತುಂಬುವುದು ಯಂತ್ರಕ್ಕೆ ಬಹಳ ಸಲೀಸು. ಇಂಗ್ಲಿಷಿನ ಈ ಪದಗಳೇನೂ ಹುಟ್ಟಿನಿಂದ ಶಿಸ್ತಿನವಲ್ಲ. ಲ್ಯಾಟಿನ್ ಬೇರಿನ 'ಗ್ಲೂ' ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿ ಅದಕ್ಕೆ ಹಕ್ಕಿ ಹಿಡಿಯಲು ಕೊಂಬೆಗೆ ಬಳಿಯುವ ಅಂಟು ಎಂಬ ಅರ್ಥವೂ ಇತ್ತು. ಗೋಧಿಯ ಗ್ಲುಟೆನ್ ಅದೇ ಬೇರಿನದು. ಅಂಟು ಎಂಬರ್ಥದ ಗ್ರೀಕಿನ 'ಕೊಲ್ಲ' ಚರ್ಮದ ಕೊಲಾಜನ್ನಿನಲ್ಲೂ, ಥಾಮಸ್ ಗ್ರಹಾಂ 1861ರಲ್ಲಿ ಕಟ್ಟಿದ ಕೊಲಾಯ್ಡ್ ಎಂಬ ಪದದಲ್ಲೂ ಇದೆ. ನಮ್ಮ ವ್ಯಾಕರಣಕ್ಕೂ ಗ್ಲೂವಿನ ಬೇರು ಅಂಟಿಕೊಂಡಿದೆ: 'ಮನೆ', 'ಗಳ', 'ಲ್ಲಿ' ಎಂದು ಪ್ರತ್ಯಯಗಳನ್ನು ಸಾಲಾಗಿ ಹತ್ತಿಸುತ್ತಾ ಹೋಗುವ ಕನ್ನಡದಂಥ ಭಾಷೆಗಳನ್ನು ಭಾಷಾವಿಜ್ಞಾನಿಗಳು ಕರೆಯುವ 'ಅಗ್ಲುಟಿನೇಟಿವ್' ಎಂಬ ಹೆಸರಿನ ಬೇರೂ ಈ ಲ್ಯಾಟಿನ್ ಅಂಟೇ. ಆದರೂ ಕಾರ್ಖಾನೆಗಳ ಒತ್ತಡದಲ್ಲಿ ಇಂಗ್ಲಿಷ್ ಪದಗಳು ಕೆಲಸ ಹಂಚಿಕೊಂಡವು, ನಮ್ಮವು ಕೆಲಸ ಕಳೆದುಕೊಂಡವು.

ನನಗೆ ಸರಿಯೆನಿಸುವ ದಾರಿ ಹೊಸ ಸಂಸ್ಕೃತ ಪದ ಟಂಕಿಸುವುದಲ್ಲ. ಪಠ್ಯಪುಸ್ತಕದ 'ಆಸಂಜಕ' ಪರೀಕ್ಷೆ ಮುಗಿದೊಡನೆ ಸತ್ತುಹೋಗುತ್ತದೆ. ಹಾಕುವ ವಿಶೇಷಣ ಕೆಲಸವನ್ನು ತಿಳಿಸಿದರೆ ಸಾಕು: ಮರದಂಟು, ಕಾಗದದ ಗೋಂದು, ದಿಢೀರ್ ಅಂಟು, ಕಲಸುವ ಅಂಟು, ತಿನ್ನುವ ಅಂಟು. ಜೊತೆಗೆ ಕ್ರಿಯಾಪದವನ್ನು ಸರಿಯಾಗಿ ಆರಿಸಬೇಕು, ಮತ್ತು ಅದರಲ್ಲಿ ಕನ್ನಡ ನಿಜಕ್ಕೂ ಶ್ರೀಮಂತ. ಅನ್ನ ಪಾತ್ರೆಗೆ ಅಂಟುವುದಿಲ್ಲ, ತಳ ಹಿಡಿಯುತ್ತದೆ. ಬಣ್ಣ ಬಟ್ಟೆಗೆ ಕಚ್ಚುತ್ತದೆ. ಕೆಸರು ಮೆತ್ತುತ್ತದೆ, ಸೋಂಕು ತಗಲುತ್ತದೆ, ಹಲಸಿನ ಮೇಣ ಕೈಗೆ ಹತ್ತುತ್ತದೆ, ಕೊಬ್ಬರಿ ಎಣ್ಣೆ ಸವರಿದ ಕೈಗೆ ಹತ್ತುವುದಿಲ್ಲ. ಹಲಸು ಬಿಡಿಸುವ ಕರಾವಳಿಯ ಯಾವ ಹೆಂಗಸಿಗೂ ಹಿಡಿತವಿರುವುದು ಅಂಟಿನಲ್ಲಷ್ಟೇ ಅಲ್ಲ, ಅದು ತಾಗುವ ಮೈಯಲ್ಲೂ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಡಬ್ಬಿಯ ಮೇಲಿನ 'ಎಣ್ಣೆ, ಧೂಳು ಇಲ್ಲದ ಮೇಲ್ಮೈಗೆ ಹಚ್ಚಿ' ಎಂಬ ಸೂಚನೆಯೂ ಹೇಳುವುದು ಅದನ್ನೇ.

ಇನ್ನೊಂದು ವ್ಯತ್ಯಾಸವನ್ನು ಯಾವ ಯಂತ್ರವೂ ಇನ್ನೂ ಸರಿಯಾಗಿ ದಾಟಿಲ್ಲ, ಅನೇಕ ಅನುವಾದಕರೂ ದಾಟಿಲ್ಲ. ಇಂಗ್ಲಿಷಿನಲ್ಲಿ ಸಮಾಜವನ್ನು, ಕುಟುಂಬವನ್ನು ಒಗ್ಗೂಡಿಸಿಡುವವರನ್ನು ಗ್ಲೂ ಎಂದು ಹೊಗಳುತ್ತಾರೆ. ಕನ್ನಡದಲ್ಲಿ 'ಅತ್ತೆಯೇ ನಮ್ಮ ಮನೆಯ ಅಂಟು' ಎಂದರೆ ಅತ್ತೆ ಎರಡು ದಿನ ಮಾತು ಬಿಟ್ಟಾರು. ನಮ್ಮಲ್ಲಿ ಅಂಟುವುದು ರೋಗ, ಕಳಂಕ, ಪಾಪ, ಕೆಟ್ಟ ಚಾಳಿ. ಮೆಚ್ಚುಗೆ ಸಲ್ಲುವುದು ತಾವರೆ ಎಲೆಯ ಮೇಲಿನ ನೀರಿನಂತೆ ಅಂಟಿಯೂ ಅಂಟದವರಿಗೆ. ಒಳ್ಳೆಯ ಕೂಡುವಿಕೆಗೆ ನಾವು ಬೆಸುಗೆ, ಕೊಂಡಿ, ನಂಟು, ಹೊಸೆದ ಹಗ್ಗ ಎನ್ನುತ್ತೇವೆ. ಲೋಹ ಕರಗಿ ಲೋಹವನ್ನೇ ಸೇರುವುದು, ನೂಲು ನೂಲನ್ನು ಸುತ್ತುವುದು ನಮಗೆ ಗೌರವದ ಮಾತು. ನಡುವೆ ಮೂರನೆಯದೊಂದು ಜಿಗುಟು ವಸ್ತು ಬಂದು ಹಿಡಿದಿಡುವುದು ಅಲ್ಲ.

ಇಲ್ಲಿನ ಕನ್ನಡ ಸಂಘವೊಂದರ ವಾರ್ಷಿಕ ಸಂಚಿಕೆಗೆ ಕರಡು ತಿದ್ದುತ್ತಿದ್ದಾಗ, ಯುವ ಸದಸ್ಯೆಯೊಬ್ಬಳ ಲೇಖನದಲ್ಲಿ 'ಮುಂಬಯಿ ಕನ್ನಡಿಗರನ್ನು ಹಿಡಿದಿಟ್ಟಿರುವ ಅಂಟು ನಮ್ಮ ಭಾಷೆ' ಎಂಬ ವಾಕ್ಯವಿತ್ತು. ನಾನು 'ಅಂಟು' ಹೊಡೆದು 'ಬೆಸುಗೆ' ಎಂದು ಬರೆದೆ. ಅವಳು ಒಪ್ಪಲಿಲ್ಲ: "ಬೆಸುಗೆ ಅಂದರೆ ಒಂದೇ ಜಾತಿಯ ಲೋಹಕ್ಕೆ ಸರ್, ಇಲ್ಲಿ ಮಂಗಳೂರಿನವರು, ವಿಜಾಪುರದವರು, ಇಲ್ಲೇ ಹುಟ್ಟಿದ ನಾವು, ಎಲ್ಲ ಬೇರೆಬೇರೆ." ನನಗೆ ಉತ್ತರ ಹೊಳೆಯುವ ಮೊದಲೇ, ಪಕ್ಕದಲ್ಲಿ ಲೆಕ್ಕಪತ್ರ ನೋಡುತ್ತಿದ್ದ ವಿಜಾಪುರದ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಅಂಟು ಇರಲಿ ಬಿಡ್ರಿ, ಅದಿಲ್ಲಂದ್ರ ಉಂಡಿ ಎಲ್ಲಿ ಕಟ್ಟತೈತಿ?" ಎಂದರು. ನಾನು ಹೊಡೆದಿದ್ದ ಗೆರೆಯ ಕೆಳಗೆ ಚುಕ್ಕಿಗಳನ್ನಿಟ್ಟು ಪದವನ್ನು ಉಳಿಸಿದೆ.